ಹಸಿವಿನ ತಿಂಗಳು ದಾಟುವುದು ಹೇಗೆ? ದುರ್ಬಲ ಸಮುದಾಯಗಳಲ್ಲಿ ಆಹಾರ ಮತ್ತು ಮಾರುಕಟ್ಟೆಯನ್ನು ಗಟ್ಟಿ ಮಾಡುವ ಬಗೆ

"ನಮ್ಮ ಜನ ಪ್ರತಿ ವರ್ಷ ಮೂರು ನಾಲ್ಕು ತಿಂಗಳು ಅರೆಹೊಟ್ಟೆಯಲ್ಲಿರ್ತಾರೆ. ಏನು ಮಾಡೋದು? ಧಾನ್ಯ ಹಂಚೋದಾ, ಗೋದಾಮು ಕಟ್ಟೋದಾ, ದುಡ್ಡು ಕೊಡೋದಾ?" ಸಣ್ಣ ಸಂಸ್ಥೆ ನಡೆಸುವವರು, ರೈತರ ಗುಂಪಿನವರು, ಉಳಿತಾಯ ಸಂಘದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೇ ಕಡೆ ಇಡುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪ್ರಶ್ನೆ ಕೇಳುವ ಹೆಚ್ಚಿನವರು ಏನು ಕಟ್ಟಬೇಕು ಅಂತ ಒಳಗೊಳಗೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಸಾಮಾನ್ಯವಾಗಿ ಅದು ಗೋದಾಮು. ಆದರೆ ಅಲ್ಲಿನ ಅಂಗಡಿಯವರು ಸರಕು ಎಲ್ಲಿಂದ ತರುತ್ತಾರೆ, ಯಾರಿಗೆ ಉದ್ರಿ ಕೊಡುತ್ತಾರೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಸಂಸ್ಥೆಗಳು ಬರುವ ಮೊದಲೂ, ಹೋದ ಮೇಲೂ ಆ ಜನರಿಗೆ ಊಟ ತಲುಪಿಸುವವರು ಆ ಅಂಗಡಿಯವರೇ. ಹಾಗಾಗಿ ಈ ಬರಹದ ಅರ್ಧ ಭಾಗ ಇರುವುದನ್ನು ನೋಡಿ ತಿಳಿದುಕೊಳ್ಳುವುದಕ್ಕೇ ಹೋಗುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ಮೂರು ಪದಗಳು ತಿಳಿದಿರಲಿ

ಆಹಾರ ಭದ್ರತೆ: 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ ಇದಕ್ಕೆ ಕೊಟ್ಟ ಅರ್ಥವೇ ಈಗಲೂ ಬಳಕೆಯಲ್ಲಿದೆ. ಸರಳವಾಗಿ ಹೇಳಿದರೆ ಅದಕ್ಕೆ ನಾಲ್ಕು ಕಾಲು. ಆಹಾರ ಹತ್ತಿರದಲ್ಲಿ ಇರಬೇಕು. ಅದನ್ನು ಪಡೆಯುವ ಶಕ್ತಿ ಮನೆಯವರಿಗೆ ಇರಬೇಕು. ತಿಂದದ್ದು ಮೈಗೆ ಹತ್ತಬೇಕು, ಅಂದರೆ ಶುದ್ಧ ನೀರು, ಆರೋಗ್ಯ, ಅಡುಗೆಗೆ ಬೇಕಾದ್ದು ಇರಬೇಕು. ಇದೆಲ್ಲ ಒಂದು ತಿಂಗಳು ಇದ್ದು ಇನ್ನೊಂದು ತಿಂಗಳು ಇಲ್ಲ ಅಂತ ಆಗಬಾರದು.

ಮಾರುಕಟ್ಟೆ ವ್ಯವಸ್ಥೆ: ಇದು ಬರೀ ಸಂತೆ ಅಲ್ಲ. ಬೆಳೆಯುವವರು, ದಲ್ಲಾಳಿ, ಸಗಟು ವ್ಯಾಪಾರಿ, ಚಿಲ್ಲರೆ ಅಂಗಡಿ, ಕೊಳ್ಳುವವರು, ಇವರ ನಡುವಿನ ಸಾಲ, ಸಾಗಣೆ, ಉಗ್ರಾಣ, ತೂಕ, ರಸ್ತೆ, ಕಾನೂನು ಎಲ್ಲವೂ ಸೇರಿದ ಜಾಲ.

ತಾಳಿಕೆ: ರೆಸಿಲಿಯನ್ಸ್ ಅಂತ ವರದಿಗಳಲ್ಲಿ ಬರುವ ಪದಕ್ಕೆ ನಾನು ಇದನ್ನು ಬಳಸುತ್ತೇನೆ. ಪೆಟ್ಟು ಬೀಳದಿರುವುದು ತಾಳಿಕೆಯಲ್ಲ. ಪೆಟ್ಟು ಬಿದ್ದ ವರ್ಷ ಜಮೀನು, ದನಕರು ಮಾರದೆ, ಮಕ್ಕಳನ್ನು ಶಾಲೆ ಬಿಡಿಸದೆ ಒಂದು ಮನೆ ದಾಟಿ ಬಂದರೆ ಆ ಮನೆಗೆ ತಾಳಿಕೆ ಇದೆ ಎಂದರ್ಥ.

ಏನೇನು ಬೇಕು?

ಒಂದು ದಪ್ಪ ನೋಟ್‌ಬುಕ್. ಮೂರ್ನಾಲ್ಕು ಜನರ ತಂಡ. ಅದರಲ್ಲಿ ಹೆಂಗಸರು ಇರಲೇಬೇಕು, ವ್ಯಾಪಾರ ಮಾಡಿ ಗೊತ್ತಿರುವ ಒಬ್ಬರೂ ಇರಬೇಕು. ಒಂದು ಒಳ್ಳೆಯ ತೂಕದ ಯಂತ್ರ. ಮತ್ತೆ ಕನಿಷ್ಠ ಒಂದು ವರ್ಷದ ಸಮಯ. ಆರು ತಿಂಗಳ ಯೋಜನೆ ಹಿಡಿದು ಬಂದವರಿಗೆ ನನ್ನ ಸಲಹೆ ಇಷ್ಟೇ: 1ರಿಂದ 4ನೇ ಹಂತದವರೆಗೆ ಮಾಡಿ, ಅಲ್ಲಿಗೆ ನಿಲ್ಲಿಸಿ. ಅರ್ಧ ಕಟ್ಟಿ ಬಿಟ್ಟುಹೋಗುವುದಕ್ಕಿಂತ ಅದು ಎಷ್ಟೋ ಮೇಲು.

ಹಂತ 1: ಹಸಿವಿನ ತಿಂಗಳು ಯಾವುದು ಅಂತ ಗುರುತಿಸಿ

ಹಳೆಯ ದಾಸ್ತಾನು ಮುಗಿದು ಹೊಸ ಫಸಲು ಇನ್ನೂ ಬಾರದ ಕಾಲವೇ ಹಸಿವಿನ ತಿಂಗಳು. ಇದನ್ನು ಹಿಡಿಯಲು ಋತು ಪಟ್ಟಿ ಮಾಡಿ. ನೆಲದ ಮೇಲೆ ಹನ್ನೆರಡು ಚೌಕ ಎಳೆಯಿರಿ. ಪ್ರತಿ ತಿಂಗಳಿಗೂ ಮಳೆ, ಬಿತ್ತನೆ, ಕೊಯ್ಲು, ಕೂಲಿ ಕೆಲಸ, ಸಾಲ, ಕಾಯಿಲೆ, ಧಾನ್ಯದ ಬೆಲೆ ಎಷ್ಟೆಷ್ಟು ಅಂತ ಜನರೇ ಕಲ್ಲು ಇಟ್ಟು ತೋರಿಸಲಿ. ಜಾಸ್ತಿ ಇದ್ದರೆ ಜಾಸ್ತಿ ಕಲ್ಲು.

ಇದನ್ನು ಹೆಂಗಸರ ಜೊತೆ ಬೇರೆ, ಗಂಡಸರ ಜೊತೆ ಬೇರೆ, ಜಮೀನಿಲ್ಲದವರ ಜೊತೆ ಬೇರೆಯಾಗಿ ಮಾಡಿ. ಮೂರು ಪಟ್ಟಿಗಳು ಒಂದೇ ತರ ಬರುವುದಿಲ್ಲ. ಜಮೀನಿದ್ದವರಿಗೆ ಕೊಯ್ಲಿನ ಹಿಂದಿನ ತಿಂಗಳು ಕಷ್ಟ. ಕೂಲಿಯವರಿಗೆ ಕೆಲಸವೇ ಇಲ್ಲದ ತಿಂಗಳು ಕಷ್ಟ. ಎರಡೂ ಬೇರೆ ತಿಂಗಳಾಗಿದ್ದರೆ ಒಂದೇ ಯೋಜನೆ ಇಬ್ಬರಿಗೂ ಹೊಂದುವುದಿಲ್ಲ.

ಎಡವುವ ಜಾಗ: ಎಲ್ಲರನ್ನೂ ಒಂದೇ ಸಭೆಯಲ್ಲಿ ಕೂರಿಸುವುದು. ಅಲ್ಲಿ ಮಾತಾಡುವವರು ಊರಿನ ನಾಲ್ಕೇ ಜನ.

ಹಂತ 2: ಮನೆಗಳು ಈಗ ಹೇಗೆ ನಿಭಾಯಿಸುತ್ತಿವೆ ಕೇಳಿ

"ನಿಮಗೆ ಊಟಕ್ಕೆ ಕಷ್ಟ ಇದೆಯಾ?" ಅಂತ ನೇರವಾಗಿ ಕೇಳಬೇಡಿ. ಮರ್ಯಾದೆಗೆ ಅಂಜಿ ಇಲ್ಲ ಅನ್ನುತ್ತಾರೆ, ಏನಾದರೂ ಸಿಗಬಹುದು ಅನ್ನಿಸಿದರೆ ಎಲ್ಲರೂ ಹೌದು ಅನ್ನುತ್ತಾರೆ. ಬದಲಿಗೆ, ಕಳೆದ ಏಳು ದಿನಗಳಲ್ಲಿ ಎಷ್ಟು ದಿನ ಹೀಗೆ ಮಾಡಬೇಕಾಯಿತು ಅಂತ ಐದು ಪ್ರಶ್ನೆ ಕೇಳಿ. ಪ್ರಪಂಚದ ಅನೇಕ ಕಡೆ ನೆರವಿನ ಸಂಸ್ಥೆಗಳು ಬಳಸುವ ಪಟ್ಟಿ ಇದು:

ಇಷ್ಟವಿಲ್ಲದ, ಅಗ್ಗದ ಆಹಾರ ತಿಂದಿದ್ದು (ಅಂಕ 1)
ಸಾಲ ತಂದೋ ಬೇರೆಯವರಿಂದ ಕೇಳಿಯೋ ತಿಂದಿದ್ದು (ಅಂಕ 2)
ಹೊತ್ತಿನ ಊಟದ ಪ್ರಮಾಣ ಕಡಿಮೆ ಮಾಡಿದ್ದು (ಅಂಕ 1)
ಮಕ್ಕಳಿಗೆ ಸಾಲಲಿ ಅಂತ ದೊಡ್ಡವರು ಕಡಿಮೆ ತಿಂದಿದ್ದು (ಅಂಕ 3)
ಹೊತ್ತುಗಳನ್ನೇ ಬಿಟ್ಟಿದ್ದು (ಅಂಕ 1)

ದಿನಗಳ ಸಂಖ್ಯೆಯನ್ನು ಅಂಕದಿಂದ ಗುಣಿಸಿ ಕೂಡಿಸಿ. ಗರಿಷ್ಠ 56 ಬರುತ್ತದೆ. ಒಂದು ಸಲದ ಅಂಕಕ್ಕಿಂತ ಅದು ತಿಂಗಳಿಂದ ತಿಂಗಳಿಗೆ ಏರುತ್ತಿದೆಯಾ ಇಳಿಯುತ್ತಿದೆಯಾ ಅನ್ನುವುದೇ ಮುಖ್ಯ. ಇಪ್ಪತ್ತು ಮೂವತ್ತು ಮನೆ ಆರಿಸಿಕೊಂಡು ಪ್ರತಿ ತಿಂಗಳೂ ಅದೇ ಮನೆಗಳಿಗೆ ಹೋಗಿ.

ಇನ್ನೊಂದು ಲೆಕ್ಕವನ್ನೂ ಮಾಡಿಟ್ಟುಕೊಳ್ಳಿ. ತುರ್ತು ನೆರವಿನಲ್ಲಿ ತಲೆಗೆ ದಿನಕ್ಕೆ 2,100 ಕ್ಯಾಲರಿ ಅಂತ ಇಟ್ಟುಕೊಳ್ಳುತ್ತಾರೆ. ಒಂದು ಕಿಲೋ ಧಾನ್ಯದಲ್ಲಿ ಸುಮಾರು 3,500 ಕ್ಯಾಲರಿ. ಮೂರರಲ್ಲಿ ಎರಡು ಪಾಲು ಕ್ಯಾಲರಿ ಧಾನ್ಯದಿಂದಲೇ ಬರುತ್ತದೆ ಅಂದುಕೊಂಡರೆ ತಲೆಗೆ 400 ಗ್ರಾಂ. ಐದು ಜನರ ಮನೆಗೆ ದಿನಕ್ಕೆ 2 ಕಿಲೋ, ತಿಂಗಳಿಗೆ 60 ಕಿಲೋ. ಹಸಿವಿನ ತಿಂಗಳು ಮೂರು ಅಂದರೆ 180 ಕಿಲೋ. ಆ ಮನೆಯ ಹತ್ತಿರ ಎಷ್ಟಿದೆ ಅಂತ ಕೇಳಿ ಕಳೆಯಿರಿ. ಕೊರತೆ ಎಷ್ಟು ದೊಡ್ಡದು ಅನ್ನುವ ಅಂದಾಜು ಸಿಗುತ್ತದೆ. ಎಷ್ಟೋ ಸಲ ಅದು ನಾವು ಹೆದರಿದಷ್ಟು ದೊಡ್ಡದಿರುವುದಿಲ್ಲ.

ಹಂತ 3: ಮಾರುಕಟ್ಟೆಯ ನಕ್ಷೆ ಬರೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಇದೊಂದನ್ನು ಸರಿಯಾಗಿ ಮಾಡಿದರೆ ಮುಂದಿನದರಲ್ಲಿ ಅರ್ಧ ತಪ್ಪು ತಾನಾಗಿ ತಪ್ಪುತ್ತದೆ.

ಜನ ಹೆಚ್ಚು ತಿನ್ನುವ ಒಂದು ಧಾನ್ಯ, ಒಂದು ಕಾಳು, ಇಷ್ಟು ತೆಗೆದುಕೊಳ್ಳಿ. ಹತ್ತು ಸರಕು ಹಿಡಿದರೆ ಯಾವುದೂ ಮುಗಿಯುವುದಿಲ್ಲ. ಹಾಳೆಯ ಒಂದು ತುದಿಯಲ್ಲಿ ಅದು ಬೆಳೆಯುವ ಜಾಗ, ಇನ್ನೊಂದು ತುದಿಯಲ್ಲಿ ತಿನ್ನುವ ಮನೆ. ನಡುವೆ ಯಾರ್ಯಾರ ಕೈ ದಾಟುತ್ತದೆ ಬರೆಯಿರಿ. ಪ್ರತಿ ಕೈಯ ಪಕ್ಕದಲ್ಲಿ ಮೂರು ಅಂಕಿ ಇರಲಿ: ಎಷ್ಟು ಜನ ಆ ಕೆಲಸ ಮಾಡುತ್ತಾರೆ, ವಾರಕ್ಕೆ ಎಷ್ಟು ಚೀಲ ದಾಟುತ್ತದೆ, ಕೊಂಡ ಬೆಲೆ ಮತ್ತು ಮಾರಿದ ಬೆಲೆ ಎಷ್ಟು. ಇದೇ ನಕ್ಷೆಯನ್ನು ಎರಡು ಸಲ ಬರೆಯಿರಿ. ಒಂದು ಒಳ್ಳೆಯ ವರ್ಷದ್ದು, ಇನ್ನೊಂದು ಕೆಟ್ಟ ವರ್ಷದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಜಾಲ ಎಲ್ಲಿ ತುಂಡಾಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ.

ವ್ಯಾಪಾರಿಗಳ ಹತ್ತಿರ ಹೋದಾಗ ಕೇಳಬೇಕಾದ್ದು:

ಸರಕು ಖಾಲಿಯಾದರೆ ಹೊಸದು ಬರಲು ಎಷ್ಟು ದಿನ?
ಮುಂದಿನ ವಾರ ಗಿರಾಕಿಗಳು ಎರಡು ಪಟ್ಟಾದರೆ ಅಷ್ಟು ತರಿಸಲು ಆಗುತ್ತದಾ? ಆಗದಿದ್ದರೆ ಏನು ಅಡ್ಡಿ? ದುಡ್ಡಾ, ಲಾರಿಯಾ, ರಸ್ತೆಯಾ, ಇಡಲು ಜಾಗವಾ?
ನಿಮಗೆ ಸಗಟು ವ್ಯಾಪಾರಿ ಉದ್ರಿ ಕೊಡುತ್ತಾರಾ? ಕೆಟ್ಟ ವರ್ಷದಲ್ಲೂ ಕೊಡುತ್ತಾರಾ?
ನೀವು ಗಿರಾಕಿಗಳಿಗೆ ಕೊಟ್ಟ ಉದ್ರಿಯಲ್ಲಿ ಎಷ್ಟು ಬಾಕಿ ನಿಂತಿದೆ?

ಕೊನೆಯ ಪ್ರಶ್ನೆಯೇ ಗಂಟು ಬಿಚ್ಚುವುದು. ಬರದಲ್ಲಿ ಚಿಲ್ಲರೆ ಅಂಗಡಿ ಖಾಲಿ ಕಂಡರೆ ನಾವು ಆಹಾರವೇ ಇಲ್ಲ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅಲ್ಲಿ ನಡೆದದ್ದು ಬೇರೆ. ಗಿರಾಕಿಗಳ ಕೈಯಲ್ಲಿ ದುಡ್ಡಿಲ್ಲ, ಉದ್ರಿ ಪುಸ್ತಕ ತುಂಬಿದೆ, ಅಂಗಡಿಯವರ ಬಂಡವಾಳವೆಲ್ಲ ಅದರೊಳಗೆ ಸಿಕ್ಕಿಕೊಂಡಿದೆ, ಸಗಟು ವ್ಯಾಪಾರಿ ಮುಂದೆ ಸರಕು ಕೊಡುವುದನ್ನು ನಿಲ್ಲಿಸಿದ್ದಾರೆ. ಧಾನ್ಯ ಮುಂದಿನ ಪೇಟೆಯಲ್ಲಿ ರಾಶಿ ಬಿದ್ದಿರುತ್ತದೆ. ಇಂಥ ಕಡೆ ನೀವು ಪುಕ್ಕಟೆ ಧಾನ್ಯ ತಂದು ಸುರಿದರೆ ಗಾಯದ ಮೇಲೆ ಬರೆ ಎಳೆದ ಹಾಗೆ. ಅಂಗಡಿ ಮುಚ್ಚುತ್ತದೆ. ನೀವು ಹೋದ ಮೇಲೆ ಉದ್ರಿ ಕೊಡಲು ಯಾರೂ ಉಳಿಯುವುದಿಲ್ಲ.

ಎಡವುವ ಜಾಗ: ದಲ್ಲಾಳಿ ಎಂದರೆ ಕಳ್ಳ ಅಂತ ಮೊದಲೇ ನಿರ್ಧರಿಸುವುದು. ಮೋಸ ಮಾಡುವವರು ಖಂಡಿತ ಇದ್ದಾರೆ. ಆದರೆ ಬಾಡಿಗೆ, ಹಾಳಾಗುವ ಸರಕು, ಮುಂಗಡ, ವಾಪಸ್ ಬಾರದ ಸಾಲ ಇಷ್ಟನ್ನೂ ಕಳೆದು ಅವರಿಗೆ ಉಳಿಯುವುದೆಷ್ಟು ಅಂತ ಲೆಕ್ಕ ಹಾಕಿ ಆಮೇಲೆ ಬೈಯಿರಿ. ಕೊಳ್ಳುವವರು ಒಬ್ಬರೇ ಇದ್ದು ಬೆಲೆ ಅವರೇ ಹೇಳುವಂತಿದ್ದರೆ ಮಾತ್ರ ಅದು ನಿಜವಾದ ತೊಂದರೆ. ಅದನ್ನು ನಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ.

ಹಂತ 4: ಇಲ್ಲದಿರುವುದು ಆಹಾರವಾ, ದುಡ್ಡಾ?

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಜನ ಸತ್ತಿದ್ದಾರೆ. 1943ರ ಬಂಗಾಳದ ಬರಗಾಲವನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಲ್ಲಿ ಮುಂದಿಟ್ಟ ವಾದ ಇದು: ಆ ವರ್ಷ ಸಿಗುತ್ತಿದ್ದ ಅಕ್ಕಿ 1941ಕ್ಕಿಂತ ಕಡಿಮೆಯೇನೂ ಇರಲಿಲ್ಲ. 1941ರಲ್ಲಿ ಬರಗಾಲ ಬರಲಿಲ್ಲ, 1943ರಲ್ಲಿ ಬಂತು. ಯುದ್ಧಕಾಲದಲ್ಲಿ ಬೆಲೆ ಏರಿತು, ಕೂಲಿ ಏರಲಿಲ್ಲ. ಭೂಮಿಯಿಲ್ಲದ ಕೂಲಿಯವರು, ಮೀನುಗಾರರು, ಕುಶಲಕರ್ಮಿಗಳು ಕೊಳ್ಳುವ ಶಕ್ತಿ ಕಳೆದುಕೊಂಡರು. ಸೇನ್ ಅವರ ಅಂಕಿಗಳ ಬಗ್ಗೆ ಇತಿಹಾಸಕಾರರಲ್ಲಿ ಈಗಲೂ ಜಗಳ ಇದೆ. ಆದರೆ ಆಹಾರ ಇರುವುದು ಬೇರೆ, ಅದು ನಮ್ಮ ತಟ್ಟೆಗೆ ಬರುವುದು ಬೇರೆ ಅನ್ನುವ ಮಾತನ್ನು ಆಮೇಲೆ ಯಾರೂ ಮರೆಯಲಿಲ್ಲ.

ನಿಮ್ಮ ನಕ್ಷೆ ಹಿಡಿದು ಮೂರು ಪ್ರಶ್ನೆ ಹಾಕಿಕೊಳ್ಳಿ. ತಲುಪುವ ದೂರದಲ್ಲಿ ಆಹಾರ ಇದೆಯಾ? ಬೇಡಿಕೆ ಏರಿದರೆ ವ್ಯಾಪಾರಿಗಳು ಎರಡು ವಾರದೊಳಗೆ ತರಿಸಬಲ್ಲರಾ? ಪೈಪೋಟಿ ಇದೆಯಾ, ಅಂದರೆ ಮೂರ್ನಾಲ್ಕು ವ್ಯಾಪಾರಿಗಳಾದರೂ ಇದ್ದಾರಾ?

ಮೂರಕ್ಕೂ ಹೌದು ಅಂದರೆ ದುಡ್ಡು ಕೊಡಿ. ಧಾನ್ಯ ಬೇಡ. ಜನ ದುಡ್ಡನ್ನು ಹಾಳು ಮಾಡುತ್ತಾರೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಹಸಿದವರು ಮೊದಲು ಊಟಕ್ಕೆ, ಆಮೇಲೆ ಸಾಲ ತೀರಿಸಲು ಖರ್ಚು ಮಾಡುವುದನ್ನು ನೋಡಿದ ಮೇಲೆ ಆ ಭಯ ತಾನಾಗಿ ಹೋಗುತ್ತದೆ. ಸಾಲ ತೀರಿದರೆ ಅಂಗಡಿಯವರ ಬಂಡವಾಳ ಬಿಡುಗಡೆ ಆಗುತ್ತದೆ ಅನ್ನುವುದು ನೆನಪಿರಲಿ.

ವ್ಯಾಪಾರಿಗಳು ತರಿಸಬಲ್ಲರು, ಆದರೆ ಮಾರಾಟವಾಗುತ್ತದೋ ಇಲ್ಲವೋ ಅಂತ ಹಿಂಜರಿಯುತ್ತಿದ್ದಾರೆ ಅಂದರೆ ಕೂಪನ್ ಒಳ್ಳೆಯದು. ಇಷ್ಟು ಚೀಲ ಖಂಡಿತ ಹೋಗುತ್ತದೆ ಅನ್ನುವ ಭರವಸೆ ಸಿಕ್ಕರೆ ಅವರು ಲಾರಿ ಕಳಿಸುತ್ತಾರೆ. ಅಂಗಡಿಗಳ ಜೊತೆ ಮೊದಲೇ ಬರೆದು ಒಪ್ಪಂದ ಮಾಡಿಕೊಳ್ಳಿ, ಬೆಲೆಯನ್ನು ಅಂಗಡಿಯ ಮುಂದೆ ಬರೆದು ಹಾಕಿಸಿ.

ರಸ್ತೆ ಮುರಿದಿದೆ, ಗಡಿ ಮುಚ್ಚಿದೆ, ಸರಕೇ ಬರುವುದಿಲ್ಲ ಅಂದಾಗ ಮಾತ್ರ ಧಾನ್ಯ ತನ್ನಿ. ಆದಷ್ಟೂ ಹತ್ತಿರದ ಪೇಟೆಯಲ್ಲೇ ಕೊಳ್ಳಿ. ಕೊಯ್ಲಿನ ಸಮಯಕ್ಕೆ ಹಂಚಬೇಡಿ. ಆಗ ಹಂಚಿದರೆ ಬೆಳೆದವರಿಗೆ ಸಿಗುವ ಬೆಲೆ ಬೀಳುತ್ತದೆ, ಮುಂದಿನ ವರ್ಷ ಅವರು ಬಿತ್ತುವುದೇ ಕಡಿಮೆಯಾಗುತ್ತದೆ.

ಮಾರುಕಟ್ಟೆ ಎಷ್ಟು ಗಟ್ಟಿ ಇರಬಲ್ಲದು ಅನ್ನುವುದಕ್ಕೆ 2011ರ ಸೊಮಾಲಿಯಾ ಸಾಕ್ಷಿ. ಕ್ಷಾಮ ಘೋಷಣೆಯಾದಾಗ ದಕ್ಷಿಣದ ಅನೇಕ ಕಡೆ ಆಹಾರ ನೆರವು ಒಳಗೆ ಹೋಗುವಂತಿರಲಿಲ್ಲ. ಸಂಸ್ಥೆಗಳು ಅಲ್ಲಿನ ಹವಾಲಾ ಜಾಲದ (ಬ್ಯಾಂಕಿಲ್ಲದೆ ನಂಬಿಕೆಯ ಮೇಲೆ ಹಣ ದಾಟಿಸುವವರ ಜಾಲ) ಮೂಲಕ ಲಕ್ಷಾಂತರ ಜನರಿಗೆ ದುಡ್ಡು ಕಳಿಸಿದವು. ಧಾನ್ಯವನ್ನು ತಂದವರು ಅಲ್ಲಿನ ವ್ಯಾಪಾರಿಗಳೇ. ನೆರವು ತಡವಾಗಿ ಹೋಯಿತು, ಅದು ಬೇರೆ ಕಥೆ. ತಡವನ್ನು ತಪ್ಪಿಸುವ ಒಂದು ದಾರಿಯನ್ನು ಇಥಿಯೋಪಿಯಾ 2005ರಲ್ಲಿ ಹಿಡಿಯಿತು. ಬರ ಬಂದ ಮೇಲೆ ಓಡುವ ಬದಲು, ತೀರಾ ಕಷ್ಟದ ಮನೆಗಳಿಗೆ ಪ್ರತಿ ವರ್ಷ ಹಸಿವಿನ ತಿಂಗಳುಗಳಲ್ಲಿ ದುಡಿಮೆಗೆ ಪ್ರತಿಯಾಗಿ ದುಡ್ಡು ಅಥವಾ ಧಾನ್ಯ ಕೊಡುವ ಯೋಜನೆ ಅದು. ದುಡಿಯಲಾಗದವರಿಗೆ ಸುಮ್ಮನೆ ಕೊಡುತ್ತಾರೆ. ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಜನ ದನ ಮಾರುವ ಗಡಿಬಿಡಿ ಮಾಡುವುದಿಲ್ಲ.

ಹಂತ 5: ಕೈಗೆ ಬಂದದ್ದು ಹಾಳಾಗದಂತೆ ನೋಡಿ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಮಾಡಿದ ಅಂದಾಜಿನಂತೆ ಪ್ರಪಂಚದ ಸುಮಾರು ಶೇ 14ರಷ್ಟು ಆಹಾರ ಕೊಯ್ಲಿನ ನಂತರ, ಚಿಲ್ಲರೆ ಅಂಗಡಿ ಮುಟ್ಟುವ ಮೊದಲೇ ಹಾಳಾಗುತ್ತದೆ. ಹೊಸದಾಗಿ ಬೆಳೆಯುವುದಕ್ಕಿಂತ ಇದನ್ನು ಉಳಿಸುವುದು ಅಗ್ಗ.

ಶುರು ಮಾಡಬೇಕಾದ್ದು ಒಣಗಿಸುವುದರಿಂದ. ಧಾನ್ಯದ ತೇವಾಂಶ ಶೇ 13ಕ್ಕಿಂತ ಕೆಳಗೆ ಬರಬೇಕು. ಎಣ್ಣೆಕಾಳುಗಳು ಇನ್ನೂ ಒಣಗಬೇಕು. ಸಿಪ್ಪೆ ಬಿಡಿಸಿದ ನೆಲಗಡಲೆಗೆ ಶೇ 7ರ ಆಸುಪಾಸು. ನೆಲದ ಮೇಲೆ ಹರಡಬೇಡಿ, ಟಾರ್ಪಾಲಿನ ಮೇಲೆ ಹರಡಿ.

ತೇವ ಅಳೆಯುವ ಯಂತ್ರ ಇಲ್ಲವೇ? ಉಪ್ಪಿನ ಪರೀಕ್ಷೆ ಮಾಡಿ. ಒಣಗಿದ ಗಾಜಿನ ಜಾರು ತೆಗೆದುಕೊಳ್ಳಿ. ಕಾಲು ಭಾಗ ಧಾನ್ಯ ಹಾಕಿ. ಚೆನ್ನಾಗಿ ಒಣಗಿಸಿದ ಉಪ್ಪು ಎರಡು ಮೂರು ಚಮಚ ಹಾಕಿ. ಮುಚ್ಚಳ ಬಿಗಿದು ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಜಾಸ್ತಿ ಇದೆ. ಅಂಟದಿದ್ದರೆ ಕಡಿಮೆ. ಆದರೆ ನಮಗೆ ಬೇಕಿರುವುದು 13, ಅಲ್ವಾ? ಹಾಗಾಗಿ ಉಪ್ಪು ಅಂಟದ ಮೇಲೂ ಇನ್ನೊಂದೆರಡು ದಿನ ಬಿಸಿಲು ಕಾಣಿಸಿ.

ಆಮೇಲೆ ಗಾಳಿಯಾಡದ ಚೀಲ. ಹೊರಗೆ ನೇಯ್ದ ಚೀಲ, ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಎರಡು ಪದರ. ಒಂದೊಂದನ್ನೂ ಬೇರೆ ಬೇರೆಯಾಗಿ ತಿರುಚಿ ಕಟ್ಟಬೇಕು. ಒಳಗಿರುವ ಹುಳುಗಳು ಇದ್ದ ಆಮ್ಲಜನಕ ಮುಗಿಸಿ ತಾವೇ ನಿಲ್ಲುತ್ತವೆ, ಔಷಧಿ ಬೇಡ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಕ್ಯಾಮರೂನಿನಲ್ಲಿ ಅಲಸಂದೆಗಾಗಿ ಇದನ್ನು ರೂಪಿಸಿದ್ದು, ಈಗ ಬಹಳ ದೇಶಗಳಲ್ಲಿ ಬಳಕೆಯಲ್ಲಿದೆ. ಚೀಲವನ್ನು ಪದೇ ಪದೇ ತೆರೆದರೆ ಗಾಳಿ ಒಳಗೆ ಹೋಗಿ ಹುಳು ಮತ್ತೆ ಎದ್ದುಕೊಳ್ಳುತ್ತವೆ. ಮನೆ ಬಳಕೆಗೆ ಒಂದು ಸಣ್ಣ ಚೀಲ ಬೇರೆಯೇ ಇರಲಿ.

ಒಂದು ಗಂಭೀರ ಎಚ್ಚರಿಕೆ. ಹಸಿ ಧಾನ್ಯವನ್ನು ಇಂಥ ಚೀಲದಲ್ಲಿ ತುಂಬಿದರೆ ಅದು ಒಳಗೇ ಕೆಡುತ್ತದೆ. ಸರಿಯಾಗಿ ಒಣಗಿಸದ ಜೋಳ, ನೆಲಗಡಲೆಯಲ್ಲಿ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ಬೇಯಿಸಿದರೆ ಅದು ಹೋಗುವುದಿಲ್ಲ. 2004ರಲ್ಲಿ ಕೀನ್ಯಾದಲ್ಲಿ ಹೀಗೆ ಕೆಟ್ಟ ಮೆಕ್ಕೆಜೋಳ ತಿಂದು 125 ಜನ ತೀರಿಹೋದರು. ಬೂಷ್ಟು ಬಂದದ್ದನ್ನು ಮೇಲಿನಿಂದ ತೊಳೆದು ಬಡವರಿಗೆ ಕೊಡುವ ಧರ್ಮ ಬೇಡ.

ತರಕಾರಿ ಹಣ್ಣಿಗೆ, ಒಣ ಹವೆಯ ಕಡೆ, ಇಟ್ಟಿಗೆಯ ಎರಡು ಗೋಡೆ ಕಟ್ಟಿ ನಡುವೆ ಮರಳು ತುಂಬಿ ನೀರು ಚಿಮುಕಿಸುವ ತಂಪುಗೂಡು ಸಾಕು. ವಿದ್ಯುತ್ ಬೇಡ. ಗಾಳಿಯಲ್ಲೇ ತೇವ ಇರುವ ಕಡೆ ಇದು ಕೆಲಸ ಮಾಡುವುದಿಲ್ಲ, ಸುಮ್ನೆ ಕಟ್ಟಬೇಡಿ.

ಹಂತ 6: ಸಾಲದ ಸುಳಿ ಬಿಡಿಸಿ

ಬಡ ಮನೆಯವರು ಕೊಯ್ಲಾದ ಕೂಡಲೇ ಮಾರುತ್ತಾರೆ. ಎಲ್ಲರೂ ಒಟ್ಟಿಗೆ ಮಾರುವುದರಿಂದ ಬೆಲೆ ಕೆಳಗೆ ಹೋಗಿರುತ್ತದೆ. ಆರು ತಿಂಗಳ ನಂತರ ಅದೇ ಧಾನ್ಯವನ್ನು ಏರಿದ ಬೆಲೆಗೆ, ಅದೂ ಸಾಲದ ಮೇಲೆ ಕೊಳ್ಳುತ್ತಾರೆ. ನಾಲ್ಕು ಚೀಲ ಮಾರಿದ ದುಡ್ಡಿಗೆ ಮೂರು ಚೀಲವೂ ವಾಪಸ್ ಬರುವುದಿಲ್ಲ. ಅವರಿಗೆ ಇದು ಗೊತ್ತಿಲ್ಲ ಅಂತಲ್ಲ. ಹಳೆಯ ಸಾಲ, ಶಾಲೆಯ ಫೀಸು, ಆಸ್ಪತ್ರೆಯ ಖರ್ಚು ಕೊಯ್ಲಿಗೇ ಕಾದು ಕೂತಿರುತ್ತವೆ. "ಈಗ ಮಾರಬೇಡಿ, ಇಟ್ಟುಕೊಳ್ಳಿ" ಅಂತ ತರಬೇತಿ ಕೊಡುವುದು ಅದಕ್ಕೇ ವ್ಯರ್ಥ. ಆ ಹೊತ್ತಿನ ಖರ್ಚಿಗೆ ಬೇರೆ ದಾರಿ ಮಾಡಿಕೊಡಬೇಕು. ಮೂರು ದಾರಿಗಳಿವೆ.

ಒಂದು, ಉಳಿತಾಯ ಗುಂಪು. 15ರಿಂದ 25 ಜನ, ವಾರಕ್ಕೊಮ್ಮೆ ಸಭೆ. ತಮ್ಮ ಉಳಿತಾಯದಿಂದಲೇ ಒಬ್ಬರಿಗೊಬ್ಬರು ಸಾಲ ಕೊಡುತ್ತಾರೆ. ವರ್ಷದ ಕೊನೆಗೆ ಬಡ್ಡಿ ಸಮೇತ ಹಂಚಿಕೊಂಡು ಮತ್ತೆ ಶುರು ಮಾಡುತ್ತಾರೆ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಎಂಬ ನೆರವಿನ ಸಂಸ್ಥೆ ಹೆಂಗಸರ ಜೊತೆ ಶುರು ಮಾಡಿದ ಈ ಮಾದರಿಯಲ್ಲಿ ದುಡ್ಡಿನ ಪೆಟ್ಟಿಗೆಗೆ ಮೂರು ಬೀಗ ಇರುವುದು ರೂಢಿ. ಮೂರು ಕೀಲಿ ಮೂರು ಜನರ ಹತ್ತಿರ, ಪೆಟ್ಟಿಗೆ ನಾಲ್ಕನೆಯವರ ಹತ್ತಿರ. ಹಂಚಿಕೆಯ ದಿನವನ್ನು ಹಸಿವಿನ ತಿಂಗಳಿಗೆ ಸ್ವಲ್ಪ ಮೊದಲು ಬರುವಂತೆ ಇಡಿ. ಹೊರಗಿನ ಸಂಸ್ಥೆ ಪೆಟ್ಟಿಗೆಗೆ ದುಡ್ಡು ಹಾಕಬಾರದು. ಸ್ವಂತ ದುಡ್ಡು ಅನ್ನುವ ಭಾವನೆ ಹೋದ ದಿನ ಸಾಲ ವಾಪಸ್ ಬರುವುದು ನಿಲ್ಲುತ್ತದೆ.

ಎರಡು, ಧಾನ್ಯದ ಅಡಮಾನ ಸಾಲ. ಕೊಯ್ಲಾದ ಮೇಲೆ ಧಾನ್ಯವನ್ನು ಉಗ್ರಾಣದಲ್ಲಿಟ್ಟು ಅದರ ಆಗಿನ ಬೆಲೆಯ ಒಂದು ಭಾಗವನ್ನು ಸಾಲ ಪಡೆಯುವುದು. ಉಗ್ರಾಣಕ್ಕೆ ಎರಡು ಬೀಗ, ಒಂದರ ಕೀಲಿ ಗುಂಪಿನ ಹತ್ತಿರ, ಇನ್ನೊಂದರದು ಸಾಲ ಕೊಟ್ಟವರ ಹತ್ತಿರ. ಬೆಲೆ ಏರಿದಾಗ ಮಾರಿ ಸಾಲ ತೀರಿಸಬಹುದು, ಇಲ್ಲವೇ ಸಾಲ ತೀರಿಸಿ ಧಾನ್ಯ ಮನೆಗೆ ಒಯ್ಯಬಹುದು. ಇಲ್ಲಿನ ಅಪಾಯ ಒಂದೇ: ಬೆಲೆ ಏರಲೇಬೇಕು ಅಂತ ಎಲ್ಲೂ ಬರೆದಿಲ್ಲ. ಸರ್ಕಾರ ದಾಸ್ತಾನು ಬಿಡುಗಡೆ ಮಾಡಿದರೆ, ಹೊರಗಿಂದ ಆಮದು ಬಂದರೆ ಬೀಳಬಹುದು. ಅದಕ್ಕೇ ಸಾಲ ಬೆಲೆಯ ಮುಕ್ಕಾಲು ಭಾಗವನ್ನು ಮೀರದಿರಲಿ, ಇದ್ದದ್ದೆಲ್ಲವನ್ನೂ ಉಗ್ರಾಣಕ್ಕೆ ಹಾಕದಿರಲಿ.

ಮೂರು, ಧಾನ್ಯ ಬ್ಯಾಂಕು. ಕಷ್ಟದ ತಿಂಗಳಲ್ಲಿ ಧಾನ್ಯವನ್ನೇ ಸಾಲ ಕೊಟ್ಟು ಕೊಯ್ಲಿನಲ್ಲಿ ಸ್ವಲ್ಪ ಹೆಚ್ಚು ಸೇರಿಸಿ ವಾಪಸ್ ಪಡೆಯುವುದು. ಕೇಳಲು ಬಹಳ ಚೆಂದ. ಎಲ್ಲರೂ ಕೇಳುವುದೂ ಇದನ್ನೇ. ನಾನು ಮಾತ್ರ ಕೊನೆಯಲ್ಲಿಟ್ಟಿದ್ದೇನೆ. ಮೊದಲ ಕೆಟ್ಟ ವರ್ಷಕ್ಕೇ ಹೆಚ್ಚಿನವು ಖಾಲಿಯಾಗುತ್ತವೆ. ಯಾಕೆಂದರೆ ಬೆಳೆ ಹೋದಾಗ ಎಲ್ಲರ ಬೆಳೆಯೂ ಹೋಗುತ್ತದೆ, ಯಾರೂ ವಾಪಸ್ ಕೊಡಲಾಗುವುದಿಲ್ಲ. ಎಲ್ಲರಿಗೂ ಒಟ್ಟಿಗೆ ಬೀಳುವ ಇಂಥ ಹೊಡೆತಕ್ಕೆ ಊರೊಳಗಿನ ವ್ಯವಸ್ಥೆ ಒಂದೇ ಸಾಲುವುದಿಲ್ಲ. ಮಾಡಲೇಬೇಕು ಅಂದರೆ ನಿಧಿಯ ಒಂದು ಪಾಲನ್ನು ದುಡ್ಡಾಗಿ ಹೊರಗಿನ ಬ್ಯಾಂಕಿನಲ್ಲಿಡಿ, ಬೇರೆ ಮಳೆ ಬೀಳುವ ಸೀಮೆಯ ಇನ್ನೊಂದು ಗುಂಪಿನ ಜೊತೆ ಕೈ ಜೋಡಿಸಿ.

ವಿಮೆಯ ಬಗ್ಗೆಯೂ ಕೇಳುತ್ತಾರೆ. ಸೂಚ್ಯಂಕ ವಿಮೆ ಎಂಬುದಿದೆ. ಹೊಲಕ್ಕೆ ಬಂದು ನಷ್ಟ ಅಳೆಯುವುದಿಲ್ಲ. ಮಳೆ ಅಥವಾ ಹಸಿರಿನ ಅಳತೆ ಒಂದು ಮಿತಿಗಿಂತ ಕೆಳಗಿಳಿದರೆ ವಿಮೆ ಮಾಡಿಸಿದ ಎಲ್ಲರಿಗೂ ದುಡ್ಡು. ಉತ್ತರ ಕೀನ್ಯಾದ ದನಗಾಹಿಗಳಿಗೆ 2010ರಲ್ಲಿ ಉಪಗ್ರಹದಿಂದ ಮೇವಿನ ಹಸಿರು ಅಳೆದು ಇಂಥ ವಿಮೆ ಶುರುವಾಯಿತು. ತೊಡಕು ಇಷ್ಟೇ: ಅಳತೆಯಲ್ಲಿ ಸರಿ ಇದ್ದು ನಿಮ್ಮ ಹೊಲ ಮಾತ್ರ ಒಣಗಿದ್ದರೆ ಏನೂ ಬರುವುದಿಲ್ಲ. ಸೇರಿಸುವ ಮೊದಲು ಇದನ್ನು ಜನರಿಗೆ ಬಿಡಿಸಿ ಹೇಳಿ. ಆಮೇಲೆ ಹೇಳಿದರೆ ನಿಮ್ಮನ್ನು ಯಾರೂ ನಂಬುವುದಿಲ್ಲ.

ಹಂತ 7: ಬೀಜ

ವಿಪತ್ತಾದ ಕೂಡಲೇ ಬೀಜ ಹಂಚುವುದು ದೊಡ್ಡ ಸಂಸ್ಥೆಗಳ ಅಭ್ಯಾಸ. ಆಫ್ರಿಕಾದ ಐದು ದೇಶ ಮತ್ತು ಹೈಟಿಯ ಸಣ್ಣ ರೈತರ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರ ಬೀಜದ ಸುಮಾರು ಶೇ 90 ಭಾಗ ಸ್ವಂತ ದಾಸ್ತಾನು, ನೆಂಟರಿಷ್ಟರು ಮತ್ತು ಸ್ಥಳೀಯ ಸಂತೆಯಿಂದ ಬಂದದ್ದು ಅಂತ ಕಂಡಿತು. ಸಂತೆಯೊಂದರಿಂದಲೇ ಅರ್ಧ. ಆದ್ದರಿಂದ ಮೊದಲು ಸಂತೆಯಲ್ಲಿ ಬೀಜ ಇದೆಯಾ ನೋಡಿ. ಇದ್ದರೆ ಕೊಳ್ಳಲು ಕೂಪನ್ ಕೊಡಿ. ತಳಿಯನ್ನು ಅವರೇ ಆರಿಸಲಿ.

ಗುಣಮಟ್ಟಕ್ಕೆ ಮೊಳಕೆ ಪರೀಕ್ಷೆ: ಒದ್ದೆ ಬಟ್ಟೆಯಲ್ಲಿ 100 ಬೀಜ ಸುತ್ತಿಡಿ, ಒಂದು ವಾರ ತೇವ ಆರದಂತೆ ನೋಡಿಕೊಂಡು ಎಣಿಸಿ. 85 ಮೊಳೆತರೆ ಒಳ್ಳೆಯದು. 60 ಅಂದರೆ ಬಿತ್ತುವ ಪ್ರಮಾಣ ಹೆಚ್ಚಿಸಬೇಕು. ಅದಕ್ಕೂ ಕಡಿಮೆ ಅಂದರೆ ಬೇರೆ ಬೀಜ ಹುಡುಕಿ.

ಹಂತ 8: ಒಟ್ಟಾಗಿ ಮಾರುವುದು

ಸಣ್ಣ ಸಣ್ಣ ಚೀಲ ಒಟ್ಟು ಸೇರಿಸಿ ಒಂದು ಲಾರಿ ಮಾಡಿದರೆ ಬಾಡಿಗೆ ಉಳಿಯುತ್ತದೆ, ಚೌಕಾಶಿಗೂ ಬಲ ಬರುತ್ತದೆ. ಆದರೆ ಮೊದಲು ಮೂರು ವಿಷಯ ಸರಿ ಮಾಡಿಕೊಳ್ಳಿ: ಎಲ್ಲರೆದುರು ತೂಕ, ಎಲ್ಲರಿಗೂ ಒಂದೇ ಗುಣಮಟ್ಟದ ನಿಯಮ, ಮಾರಿದ ದಿನವೇ ದುಡ್ಡು ಹಂಚಿಕೆ. ಗುಂಪುಗಳು ಒಡೆಯುವುದು ಬೆಲೆಗಲ್ಲ, ಒಬ್ಬರ ಕಲ್ಲು ಬೆರೆತ ಚೀಲ ಇಡೀ ಲಾರಿಯ ದರ ಇಳಿಸಿದಾಗ. ಹಳೆಯ ವ್ಯಾಪಾರಿಯ ಸಂಬಂಧವನ್ನು ಪೂರ್ತಿ ಕಡಿದುಕೊಳ್ಳಬೇಡಿ. ರಾತ್ರಿ ಹನ್ನೆರಡಕ್ಕೆ ಆಸ್ಪತ್ರೆಗೆ ದುಡ್ಡು ಬೇಕಾದಾಗ ಗುಂಪು ಸಭೆ ಕರೆಯುತ್ತದೆ, ಆ ವ್ಯಾಪಾರಿ ಕೊಡುತ್ತಾರೆ.

ಹಂತ 9: ಗೆರೆ ಎಳೆದಿಡಿ

ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ ಆಗಬಾರದು ಅಂದರೆ, ಯಾವ ಸೂಚನೆ ಕಂಡಾಗ ಏನು ಮಾಡಬೇಕು ಅಂತ ಒಳ್ಳೆಯ ಕಾಲದಲ್ಲೇ ಬರೆದಿಡಬೇಕು. ಪ್ರತಿ ವಾರ ಒಂದೇ ದಿನ, ಅದೇ ಮೂರು ಅಂಗಡಿಗಳಲ್ಲಿ ಬೆಲೆ ಕೇಳಿ ಬರೆಯಿರಿ. ಕಳೆದ ತಿಂಗಳ ಬೆಲೆಗೆ ಹೋಲಿಸಬೇಡಿ. ಹಿಂದಿನ ವರ್ಷಗಳ ಇದೇ ತಿಂಗಳಿಗೆ ಹೋಲಿಸಿ, ಯಾಕೆಂದರೆ ಕೊಯ್ಲಿನ ಮೊದಲು ಬೆಲೆ ಏರುವುದು ಸಹಜ.

ಬೆಲೆಗಿಂತಲೂ ಚೆನ್ನಾಗಿ ಸತ್ಯ ಹೇಳುವ ಲೆಕ್ಕ ಒಂದಿದೆ: ಒಂದು ದಿನದ ಕೂಲಿಗೆ ಎಷ್ಟು ಕಿಲೋ ಧಾನ್ಯ ಬರುತ್ತದೆ? ದನ ಸಾಕುವವರಿಗಾದರೆ, ಒಂದು ಆಡು ಮಾರಿದರೆ ಎಷ್ಟು ಕಿಲೋ? ಬರ ಹತ್ತಿರವಾದಂತೆ ಎಲ್ಲರೂ ಆಡು ಮಾರಲು ಬರುತ್ತಾರೆ, ಆಡಿನ ಬೆಲೆ ಬೀಳುತ್ತದೆ, ಧಾನ್ಯದ್ದು ಏರುತ್ತದೆ. ಎರಡೂ ಒಟ್ಟಿಗೆ ಆಗುವುದರಿಂದ ಈ ಅಂಕಿ ಬೇಗ ಕುಸಿಯುತ್ತದೆ. ಆಹಾರ ಬಿಕ್ಕಟ್ಟಿನ ವರದಿಗಳಲ್ಲಿ ಪರಿಸ್ಥಿತಿಗೆ ಒಂದರಿಂದ ಐದರವರೆಗೆ ಹಂತ ಹಾಕಿರುವುದನ್ನು (ಐಪಿಸಿ ಅಂತ ಕರೆಯುತ್ತಾರೆ) ನೋಡಿರಬಹುದು. 2004ರಲ್ಲಿ ಸೊಮಾಲಿಯಾದಲ್ಲಿ ಶುರುವಾದ ಅಳತೆ ಅದು, ಮೂರು ಅಂದರೆ ಬಿಕ್ಕಟ್ಟು, ಐದು ಅಂದರೆ ಕ್ಷಾಮ. ಅಲ್ಲಿ ಮೂರು ಬರುವವರೆಗೆ ನೀವು ಕಾಯುವ ಅಗತ್ಯವಿಲ್ಲ.

ಹಾಗಾಗಿ ಹೀಗೆ ಬರೆದಿಡಿ: ದಿನಗೂಲಿಗೆ ಸಿಗುವ ಧಾನ್ಯ ಮಾಮೂಲಿಗಿಂತ ಕಾಲು ಭಾಗ ಕಡಿಮೆಯಾದರೆ ವಿಶೇಷ ಸಭೆ. ಮೂರನೇ ಒಂದು ಭಾಗ ಕಡಿಮೆಯಾಗಿ, ಹಂತ 2ರ ಅಂಕ ಎರಡು ತಿಂಗಳು ಸತತ ಏರಿದ್ದರೆ ಕಷ್ಟಕಾಲಕ್ಕೆ ಇಟ್ಟ ನಿಧಿ ತೆರೆಯುವುದು. ಅಂಕಿಗಳನ್ನು ನಿಮ್ಮ ಅನುಭವಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಯಾರು ಸಭೆ ಕರೆಯಬೇಕು, ಅವರಿಲ್ಲದಿದ್ದರೆ ಯಾರು, ಮೊದಲು ಯಾವ ಮನೆಗಳಿಗೆ ಅನ್ನುವುದೆಲ್ಲ ಹೆಸರು ಸಮೇತ ಇರಲಿ. ಮೊದಲ ವರ್ಷ ಗೆರೆ ತಪ್ಪಾದ ಕಡೆ ಬಿದ್ದಿರುತ್ತದೆ. ಕೊಯ್ಲಾದ ಮೇಲೆ ಎಲ್ಲರೂ ಕೂತು ತಿದ್ದಿ. ಬೆಲೆ ಬರೆಯುವ ಪುಸ್ತಕ ಯಾರ ಮನೆಯಲ್ಲಿರುತ್ತದೆ ಅನ್ನುವುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಿ, ಅದರ ಒಂದು ನಕಲನ್ನು ಅಂಗಡಿಯವರೊಬ್ಬರ ಹತ್ತಿರವೂ ಇಡಿ.